ಓದುಗರ ಪ್ರಶ್ನೆ: ಹಾಲಿವುಡ್‌ನ ಹಳೆಯ ಸ್ಟುಡಿಯೋಗಳ ಬಲ ಎಲ್ಲಿತ್ತು?

ಪ್ರಶ್ನೆ: ಹಿಂದೆ ಮಂಗಳೂರಿನಲ್ಲಿ ಓಡಿ ಮುಗಿದ ಮೇಲಷ್ಟೇ ಸಿನಿಮಾ ನಮ್ಮ ಟಾಕೀಸಿಗೆ ಬರುತ್ತಿತ್ತು. ಅಮೆರಿಕದ ಸಣ್ಣ ಊರಿನವರೂ ಹೀಗೆ ಕಾಯಬೇಕಿತ್ತೇ?
– ಓದುಗರು, ಮಂಜೇಶ್ವರ

ಉತ್ತರ: ಕಾಯಬೇಕಿತ್ತು. ಎಷ್ಟು ದಿನ ಎಂಬುದು ಕರಾರಿನಲ್ಲೇ ಇರುತ್ತಿತ್ತು. ಇಡೀ ದೇಶವನ್ನು ವಲಯಗಳಾಗಿ ಹಂಚಿ, ಪ್ರತಿ ವಲಯದ ಟಾಕೀಸುಗಳನ್ನು ಮೊದಲ ಓಟ, ಎರಡನೇ ಓಟ, ಮೂರನೇ ಓಟ ಎಂದು ಶ್ರೇಣಿ ಮಾಡಿದ್ದರು. ಒಂದು ಓಟ ಮುಗಿದ ಮೇಲೆ ಮುಂದಿನದು ಶುರುವಾಗುವ ಮೊದಲು ಇಂತಿಷ್ಟು ದಿನ ಆ ವಲಯದಲ್ಲಿ ಚಿತ್ರವನ್ನು ಯಾರೂ ಹಾಕುವಂತಿಲ್ಲ. ಈ ಬಿಡುವಿನ ಹೆಸರು ಕ್ಲಿಯರೆನ್ಸ್. ಓಟ ಇಳಿದಂತೆ ಟಿಕೆಟ್ ದರವೂ ಇಳಿಯುತ್ತಿತ್ತು. ಬೇಗ ನೋಡುವ ಆಸೆ ಇದ್ದವರು ಪೇಟೆಯ ದೊಡ್ಡ ಟಾಕೀಸಿಗೆ ಹೋಗಿ ಹೆಚ್ಚು ದುಡ್ಡು ಕೊಡಲಿ ಎಂಬುದೇ ಉದ್ದೇಶ. ಕನಿಷ್ಠ ದರವನ್ನೂ ಕರಾರಿನಲ್ಲಿ ಬರೆಯುತ್ತಿದ್ದುದರಿಂದ, ಸಣ್ಣ ಟಾಕೀಸಿನವರು ದರ ಇಳಿಸಿ ಜನರನ್ನು ಸೆಳೆಯುವಂತೆಯೂ ಇರಲಿಲ್ಲ.

ಆ ಮೊದಲ ಓಟದ ಟಾಕೀಸುಗಳು ಯಾರವು? ಬಹುಪಾಲು ಐದು ಕಂಪನಿಗಳವು: ಪ್ಯಾರಾಮೌಂಟ್, ಎಂಜಿಎಂನ ಮಾತೃಸಂಸ್ಥೆ ಲೋಸ್, ವಾರ್ನರ್ ಬ್ರದರ್ಸ್, ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮತ್ತು ಆರ್‌ಕೆಒ. 1945ರಲ್ಲಿ ಅಮೆರಿಕದಲ್ಲಿದ್ದ 18,076 ಟಾಕೀಸುಗಳಲ್ಲಿ ಈ ಐವರ ಪಾಲು 3,137, ಅಂದರೆ ಶೇ. 17ರಷ್ಟು. ಆದರೆ ದೊಡ್ಡ ವಿತರಕರಿಗೆ ದೇಶದೊಳಗೆ ಬರುತ್ತಿದ್ದ ಚಿತ್ರಗಳ ಬಾಡಿಗೆಯಲ್ಲಿ ಶೇ. 45 ಈ ಟಾಕೀಸುಗಳಿಂದಲೇ ಬರುತ್ತಿತ್ತು. ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಮೊದಲ ಓಟದ ಟಾಕೀಸುಗಳ ಪೈಕಿ ಕನಿಷ್ಠ ಶೇ. 70ರಲ್ಲಿ ಇವರ ಹಿತಾಸಕ್ತಿ ಇತ್ತು. ಸ್ಟುಡಿಯೋ ಎಂದ ಕೂಡಲೇ ನಮ್ಮ ಕಣ್ಣು ತಾರೆಯರ ಮೇಲೆ, ಸೆಟ್ಟುಗಳ ಮೇಲೆ ಹೋಗುತ್ತದೆ. ನಿಜವಾದ ಬಲ ಈ ಟಾಕೀಸುಗಳಲ್ಲಿತ್ತು. ಮುಂದಿನ ಉತ್ತರಗಳನ್ನೂ ಇದನ್ನು ನೆನಪಿಟ್ಟುಕೊಂಡೇ ಓದಬೇಕು.

ಪ್ರಶ್ನೆ: ಬ್ಲಾಕ್ ಬುಕಿಂಗ್ ಎಂದರೇನು? ಬೇಡದ ಚಿತ್ರವನ್ನು ಟಾಕೀಸಿನವರು ಬೇಡ ಎನ್ನಬಹುದಿತ್ತಲ್ಲ?
– ಓದುಗರು, ಬದಿಯಡ್ಕ

ಉತ್ತರ: ಒಂದು ಮೂಟೆ ಒಳ್ಳೆಯ ಹಳೆ ಅಡಿಕೆ ಬೇಕಾದರೆ ಜತೆಗೆ ಎಂಟು ಮೂಟೆ ಕರಿಗೋಟನ್ನೂ ಕೊಳ್ಳಲೇಬೇಕೆಂದು ವ್ಯಾಪಾರಿ ಹಟ ಹಿಡಿದಂತೆ. ಹಂಗಾಮಿನ ಆರಂಭದಲ್ಲಿ ವಿತರಕರ ಮಾರಾಟಗಾರ ಇಡೀ ವರ್ಷದ ಪಟ್ಟಿ ಹಿಡಿದು ಬರುತ್ತಿದ್ದ. ದೊಡ್ಡ ತಾರೆಯ ನಾಲ್ಕಾರು ಚಿತ್ರಗಳ ಜತೆಗೆ ಉಳಿದವೆಲ್ಲ ಒಂದೇ ಕಟ್ಟು. ಎಷ್ಟೋ ಚಿತ್ರಗಳ ಚಿತ್ರೀಕರಣವೇ ಆಗಿರುತ್ತಿರಲಿಲ್ಲ. ನೋಡದೆಯೇ ಸಹಿ ಹಾಕಬೇಕಿತ್ತು.

ಬೇಡ ಎನ್ನುವುದು ಯಾಕೆ ಕಷ್ಟ ಎಂದು ಲೆಕ್ಕ ಹಾಕಿ ನೋಡಿ. 1930ರ ದಶಕದಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ರೂಢಿ ಹಬ್ಬಿತು. ವಾರಕ್ಕೆರಡು ಬಾರಿ ಚಿತ್ರ ಬದಲಿಸುವ ಟಾಕೀಸಿಗೆ ವಾರಕ್ಕೆ ನಾಲ್ಕು, ವರ್ಷಕ್ಕೆ 208 ಚಿತ್ರ ಬೇಕು. ಒಂದು ದೊಡ್ಡ ಕಂಪನಿ ವರ್ಷಕ್ಕೆ ಕೊಡುತ್ತಿದ್ದುದು ಐವತ್ತರ ಆಸುಪಾಸು. ಒಬ್ಬರ ಕಟ್ಟನ್ನು ಬಿಟ್ಟರೆ ವರ್ಷದ ಕಾಲುಭಾಗ ಖಾಲಿ.

ಇಲ್ಲೊಂದು ಸೂಕ್ಷ್ಮವಿದೆ. ದೊಡ್ಡ ತಾರೆಯರ ‘ಎ’ ದರ್ಜೆಯ ಚಿತ್ರಕ್ಕೆ ಟಿಕೆಟ್ ಗಳಿಕೆಯಲ್ಲಿ ಶೇಕಡಾವಾರು ಪಾಲು, ಅಗ್ಗದಲ್ಲಿ ತಯಾರಾದ ‘ಬಿ’ ದರ್ಜೆಯದಕ್ಕೆ ನಿಗದಿತ ಬಾಡಿಗೆ. ಹಾಗಾಗಿ ‘ಬಿ’ ಚಿತ್ರ ಎಷ್ಟು ತರುತ್ತದೆ ಎಂಬುದು ಕ್ಯಾಮೆರಾ ಓಡುವ ಮೊದಲೇ ಹೆಚ್ಚುಕಡಿಮೆ ಗೊತ್ತು. ಅದಕ್ಕಿಂತ ಕಡಿಮೆಗೆ ಮುಗಿಸಿದರೆ ಲಾಭ. ಹಳೆಯ ಸೆಟ್ಟು, ಸಂಬಳಕ್ಕಿದ್ದ ನಟರು, ಎರಡು ಮೂರು ವಾರದ ಚಿತ್ರೀಕರಣ, ಎಲ್ಲವೂ ಈ ಲೆಕ್ಕದಿಂದಲೇ ಬಂದವು. 1940ರಲ್ಲಿ ಸರ್ಕಾರದೊಂದಿಗಿನ ಒಪ್ಪಂದದಂತೆ ಐದು ಕಂಪನಿಗಳು ಒಂದು ಕಟ್ಟಿನಲ್ಲಿ ಐದಕ್ಕಿಂತ ಹೆಚ್ಚು ಚಿತ್ರ ಸೇರಿಸಬಾರದು, ಮಾರುವ ಮೊದಲು ತೋರಿಸಬೇಕು ಎಂದಾಯಿತು.

ಪ್ರಶ್ನೆ: ನಟರಿಗೆ ಏಳು ವರ್ಷದ ಕರಾರು ಇತ್ತಂತೆ. ಏಳು ವರ್ಷ ಕೆಲಸ ಖಾತ್ರಿ ಎಂದರೆ ಒಳ್ಳೆಯದೇ ಅಲ್ಲವೇ?
– ಓದುಗರು, ಹೊಸೂರು

ಉತ್ತರ: ಖಾತ್ರಿ ಇದ್ದದ್ದು ಸ್ಟುಡಿಯೋಗೆ ಮಾತ್ರ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮುಂದುವರಿಸುವ, ಇಲ್ಲವೇ ಕೈಬಿಡುವ ಹಕ್ಕು ಸ್ಟುಡಿಯೋದ್ದು. ನಟರಿಗೆ ಬಿಟ್ಟು ಹೋಗುವ ಹಕ್ಕಿಲ್ಲ. ವರ್ಷದ 52 ವಾರಗಳಲ್ಲಿ ಸಾಮಾನ್ಯವಾಗಿ 40 ವಾರಕ್ಕಷ್ಟೇ ಸಂಬಳ. ಬೇರೆ ಸ್ಟುಡಿಯೋಗೆ ಎರವಲು ಕೊಟ್ಟಾಗ ಬರುವ ಹೆಚ್ಚಿನ ಹಣ ಮಾಲೀಕರಿಗೆ. ಪಾತ್ರ ಬೇಡವೆಂದರೆ ಅಮಾನತು, ಸಂಬಳವಿಲ್ಲ. ಎಲ್ಲಕ್ಕಿಂತ ಕ್ರೂರವಾದದ್ದು ಇದರ ಮುಂದಿನ ಷರತ್ತು: ಅಮಾನತಿನ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ತಕರಾರು ಮಾಡಿದಷ್ಟೂ ಬಿಡುಗಡೆ ದೂರ.

ನಟಿ ಬೆಟ್ಟಿ ಡೇವಿಸ್ 1936ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ವಾರ್ನರ್ ವಿರುದ್ಧ ಸೋತರು. ಇನ್ನೊಬ್ಬ ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ 1943ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನನ್ನೇ ಹಿಡಿದರು: ಸ್ವಂತ ದುಡಿಮೆಯ ಕರಾರನ್ನು ಏಳು ವರ್ಷದಾಚೆ ಜಾರಿ ಮಾಡುವಂತಿಲ್ಲ. ಅಂದರೆ ಕ್ಯಾಲೆಂಡರಿನ ಏಳು ವರ್ಷವೇ ಹೊರತು ಅಮಾನತು ಕಳೆದು ಉಳಿದ ದಿನಗಳ ಲೆಕ್ಕವಲ್ಲ ಎಂದು 1944ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ತೀರ್ಪಿಗೆ ಇಂದಿಗೂ ಅವರದೇ ಹೆಸರು.

ಪ್ರಶ್ನೆ: ನಮಗೆ ಹತ್ತಿರದ ಕೊಲ್ಹಾಪುರದ ಸ್ಟುಡಿಯೋಗಳೂ ಇದೇ ಬಗೆಯವೇ?
– ಓದುಗರು, ಜತ್ತ

ಉತ್ತರ: ಅರ್ಧ ಮಾತ್ರ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಹೋದ ಪ್ರಭಾತ್‌ನಲ್ಲಿ ಕಲಾವಿದರು, ತಂತ್ರಜ್ಞರು ತಿಂಗಳ ಸಂಬಳಕ್ಕಿದ್ದರು. ಆದರೆ ದೇಶವಿಡೀ ಹಬ್ಬಿದ ಟಾಕೀಸು ಸರಪಳಿ ಇರಲಿಲ್ಲ. ಯುದ್ಧಕಾಲದಲ್ಲಿ ಹೊಸ ಹಣವಂತರು ಚಿತ್ರವೊಂದಕ್ಕೆ ಇಷ್ಟು ಎಂದು ತಾರೆಯರಿಗೆ ಕೊಡತೊಡಗಿದಾಗ ಸಂಬಳದ ಪದ್ಧತಿ ತಡೆದುಕೊಳ್ಳಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ, ಆದರೆ ಹೊರಗಿನಿಂದ ಬಂದ ನಿರ್ಮಾಪಕರ ಚಿತ್ರವಾಗಿ.

ಪ್ರಶ್ನೆ: ಹಾಲಿವುಡ್ ಸ್ಟುಡಿಯೋ ಪದ್ಧತಿಯನ್ನು ಮುಗಿಸಿದ್ದು ಟಿ.ವಿ. ತಾನೇ?
– ಓದುಗರು, ಅಕ್ಕಲಕೋಟೆ

ಉತ್ತರ: ಇಸವಿಗಳನ್ನು ಸಾಲಾಗಿ ಇಟ್ಟರೆ ಹಾಗೆ ಕಾಣುವುದಿಲ್ಲ. ಪ್ರೇಕ್ಷಕರ ಸಂಖ್ಯೆ ತುತ್ತತುದಿಗೇರಿದ್ದು 1946ರಲ್ಲಿ. ಮರುವರ್ಷವೇ ಇಳಿಯತೊಡಗಿತು. ಆಗ ಟಿ.ವಿ. ಇದ್ದ ಮನೆಗಳು ತೀರ ಕಡಿಮೆ. ಯುದ್ಧ ಮುಗಿಸಿ ಬಂದವರು ಸಂಸಾರ ಹೂಡಿ, ಪೇಟೆಯ ಟಾಕೀಸುಗಳಿಂದ ದೂರದ ಬಡಾವಣೆಗಳಿಗೆ ಹೋದದ್ದು ಮೊದಲ ಕಾರಣ.

1938ರಲ್ಲಿ ಸರ್ಕಾರ ಹೂಡಿದ ದಾವೆಯಲ್ಲಿ 1948ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬ್ಲಾಕ್ ಬುಕಿಂಗ್ ಹಾಗೂ ದರ ನಿಗದಿ ಅಕ್ರಮ ಎಂದಿತು. ಟಾಕೀಸುಗಳನ್ನು ಬೇರ್ಪಡಿಸುವ ವಿಚಾರವನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು. ಆರ್‌ಕೆಒ ಮೊದಲು, ಪ್ಯಾರಾಮೌಂಟ್ ನಂತರ ಒಪ್ಪಿಕೊಂಡವು. ಲೋಸ್ 1959ರವರೆಗೂ ಎಳೆದಾಡಿತು. ಟಾಕೀಸು ಕೈಬಿಟ್ಟ ಮೇಲೆ ಪ್ರತಿ ಚಿತ್ರವನ್ನೂ ಬಿಡಿಬಿಡಿಯಾಗಿ ಮಾರಬೇಕು. ‘ಬಿ’ ಚಿತ್ರಗಳಿಗೆ ಖಚಿತ ಬಾಡಿಗೆ ಹೋಯಿತು, ಚಿತ್ರಗಳ ಸಂಖ್ಯೆ ಇಳಿಯಿತು, ವರ್ಷವಿಡೀ ಸಂಬಳ ಕೊಟ್ಟು ಜನರನ್ನು ಇಟ್ಟುಕೊಳ್ಳುವುದು ಹೊರೆಯಾಯಿತು. ಟಿ.ವಿ.ಯ ಪೆಟ್ಟು ಬಿದ್ದದ್ದು ಇದರ ಮೇಲೆ. 1957ರಲ್ಲಿ ಆರ್‌ಕೆಒದ ಸ್ಟುಡಿಯೋ ಜಾಗವನ್ನು ಕೊಂಡದ್ದು ಟಿ.ವಿ. ಧಾರಾವಾಹಿ ಮಾಡುತ್ತಿದ್ದ ಡೆಸಿಲು ಕಂಪನಿ. ಟಾಕೀಸೂ ಇಲ್ಲದ, ಸ್ವಂತ ಸ್ಟುಡಿಯೋವೂ ಇಲ್ಲದ ಯುನೈಟೆಡ್ ಆರ್ಟಿಸ್ಟ್ಸ್ ಮಾತ್ರ ಸ್ವತಂತ್ರ ನಿರ್ಮಾಪಕರಿಗೆ ಹಣ ಹೂಡಿ 1950ರ ದಶಕದಲ್ಲಿ ಚಿಗುರಿತು.

ಆ ದಾವೆಯಿಂದ ಬಂದ ನಿರ್ಬಂಧಗಳನ್ನು 2020ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತೆಗೆದುಹಾಕಿತು. ಬ್ಲಾಕ್ ಬುಕಿಂಗ್ ನಿಷೇಧಕ್ಕೆ ಇನ್ನೆರಡು ವರ್ಷ ಅವಧಿ ಉಳಿಸಿತ್ತು. ಏಕಸ್ವಾಮ್ಯ ತಡೆಯುವ ಸಾಮಾನ್ಯ ಕಾನೂನು ಈಗಲೂ ಜಾರಿಯಲ್ಲಿದೆ.