ದಿನಕ್ಕೊಂದು ಹೆಸರಿನ ಎರರ್: ಫಾರ್ಮ್ಯಾಟ್ ಬಿಡಿ, ಮೊದಲು ರ‍್ಯಾಮ್ ನೋಡಿ

ಪ್ರಶ್ನೆ: ಎರಡು ವರ್ಷದ ಹಿಂದೆ ಪಾರ್ಟ್ಸ್ ತಂದು ನಾನೇ ಪಿಸಿ ಜೋಡಿಸಿಕೊಂಡೆ. ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್. ಆರಾಮಾಗಿ ನಡೀತಿತ್ತು. ಹೋದ ತಿಂಗಳು ಇನ್ನೆರಡು 8 ಜಿಬಿ ಹಾಕಿದೆ. ಬೇರೆ ಕಂಪನಿಯದು, ಆದ್ರೆ ಅದರ ಮೇಲೂ 3200 ಅಂತಲೇ ಇದೆ. ಆಮೇಲಿಂದ ಬ್ಲೂ ಸ್ಕ್ರೀನ್ ಶುರು. ಒಂದಿನ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಂದಿನ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ಮತ್ತೊಂದಿನ ಇನ್ನೇನೋ. ಕ್ರೋಮ್ ಟ್ಯಾಬ್‌ಗಳು ಸುಮ್ನೆ ಕ್ರ್ಯಾಶ್ ಆಗುತ್ತವೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಅಂದರು. ಮಾಡೋಕೆ ಹೋದರೆ ವಿಂಡೋಸ್ ಇನ್‌ಸ್ಟಾಲ್ ಅರ್ಧಕ್ಕೇ ನಿಂತು ‘ಫೈಲ್ ಕರಪ್ಟ್ ಆಗಿದೆ’ ಅಂತು. ಈಗ ಹೊಸ ಎಸ್‌ಎಸ್‌ಡಿ ತಗೊಳ್ಳಿ ಅಂತಿದ್ದಾರೆ. ತಗೊಳ್ಳಲಾ?
— ಓದುಗರು, ಕುಂದಾಪುರ

ಉತ್ತರ: ಸದ್ಯಕ್ಕೆ ಏನನ್ನೂ ತಗೋಬೇಡಿ. ಉತ್ತರ ಹೆಚ್ಚುಕಡಿಮೆ ನಿಮ್ಮ ಪತ್ರದಲ್ಲೇ ಇದೆ. ರ‍್ಯಾಮ್ ಹಾಕಿದ ಮೇಲೆ ತೊಂದರೆ ಶುರುವಾಯಿತು. ಜೊತೆಗೆ, ಬರುವ ಎರರ್‌ನ ಹೆಸರು ಪ್ರತಿಸಲ ಬೇರೆ. ಈ ಎರಡನೆಯದು ದೊಡ್ಡ ಸುಳಿವು.

ಯಾವುದೋ ಒಂದು ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಎರರ್, ಅದೇ ಫೈಲ್ ಹೆಸರಿನ ಜೊತೆ ಮತ್ತೆ ಮತ್ತೆ ಬರುತ್ತದೆ. ರ‍್ಯಾಮ್ ತಪ್ಪು ಮಾಡಿದರೆ ಹಾಗಲ್ಲ. ತಪ್ಪಿದ ಜಾಗದಲ್ಲಿ ಆ ಹೊತ್ತಿಗೆ ಯಾವ ಪ್ರೋಗ್ರಾಂನ ಡೇಟಾ ಇತ್ತೋ ಅದು ಬೀಳುತ್ತದೆ. ಇವತ್ತು ಕ್ರೋಮ್, ನಾಳೆ ಗ್ರಾಫಿಕ್ಸ್ ಡ್ರೈವರ್, ನಾಡಿದ್ದು ವಿಂಡೋಸೇ. ಇನ್‌ಸ್ಟಾಲ್ ನಿಂತಿದ್ದೂ ಇದಕ್ಕೇ ಇರಬೇಕು. ವಿಂಡೋಸ್ ತನ್ನ ಫೈಲ್‌ಗಳನ್ನು ಬಿಚ್ಚಿ ಪರೀಕ್ಷೆ ಮಾಡುವುದು ರ‍್ಯಾಮ್‌ನಲ್ಲಿ. ಅಲ್ಲಿ ಒಂದು ಬಿಟ್ ತಿರುಗಿದರೂ ಲೆಕ್ಕ ತಾಳೆಯಾಗುವುದಿಲ್ಲ. ಆಗ ಅದು ‘ಫೈಲ್ ಕೆಟ್ಟಿದೆ’ ಅನ್ನುತ್ತದೆ, ನಾವು ಪೆನ್ ಡ್ರೈವ್ ಮೇಲೋ ಎಸ್‌ಎಸ್‌ಡಿ ಮೇಲೋ ಅನುಮಾನ ಪಡುತ್ತೇವೆ.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಈಗಿನ ಸ್ಥಿತಿಯಲ್ಲಿ ಬ್ಯಾಕಪ್ ತೆಗೆಯಬೇಡಿ. ಕಾಪಿ ಆಗುವ ಪ್ರತಿ ಫೋಟೋನೂ ರ‍್ಯಾಮ್ ದಾಟಿಯೇ ಹೋಗಬೇಕು. ಅಲ್ಲಿ ಕೆಟ್ಟರೆ ಎರರ್ ಕೂಡ ಬರುವುದಿಲ್ಲ. ಆರು ತಿಂಗಳ ನಂತರ ಫೋಟೋ ತೆರೆದಾಗ ಅರ್ಧ ಬೂದು ಬಣ್ಣ ಕಾಣುತ್ತದೆ, ಅಷ್ಟೇ. ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆ ಹೊಸದನ್ನು ಬರೆಯಲೇಬೇಡಿ. ತುರ್ತಾಗಿ ಏನಾದರೂ ಉಳಿಸಿಕೊಳ್ಳಬೇಕಿದ್ದರೆ ಹೊಸ ರ‍್ಯಾಮ್ ಎರಡನ್ನೂ ತೆಗೆದು, ಹಳೆಯ ಎರಡರಲ್ಲೇ ಪಿಸಿ ಆನ್ ಮಾಡಿ ಆ ಕೆಲಸ ಮುಗಿಸಿ.

ಈಗ ಕಾರಣಕ್ಕೆ ಬರೋಣ. ನಿಮ್ಮ ರ‍್ಯಾಮ್ ಮೇಲೆ 3200 ಅಂತ ಬರೆದಿದೆಯಲ್ಲ, ಅದು ಹೆಚ್ಚಿನ ರ‍್ಯಾಮ್‌ಗಳಲ್ಲಿ ತಾನಾಗಿ ಬರುವ ವೇಗವಲ್ಲ. ಸುಮ್ನೆ ಹಾಕಿ ಆನ್ ಮಾಡಿದರೆ 2133, 2400 ಅಥವಾ 2666ರಲ್ಲಿ, 1.2 ವೋಲ್ಟ್‌ನಲ್ಲಿ ನಡೆಯುತ್ತದೆ. ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳಿರುವ ಜಾಗ) ಹೋಗಿ ಎಕ್ಸ್‌ಎಂಪಿ ಅನ್ನುವ ವೇಗದ ಸೆಟ್ಟಿಂಗ್ ಆನ್ ಮಾಡಿದಾಗ ಮಾತ್ರ 3200 ಸಿಗುತ್ತದೆ, ಹೆಚ್ಚಾಗಿ 1.35 ವೋಲ್ಟ್‌ನಲ್ಲಿ. ಆಸುಸ್ ಬೋರ್ಡ್‌ಗಳಲ್ಲಿ ಇದಕ್ಕೆ ಡಿಒಸಿಪಿ ಅನ್ನುವ ಹೆಸರೂ ಇದೆ. ಅಂದರೆ ಎಕ್ಸ್‌ಎಂಪಿ ಒಂದು ಓವರ್‌ಕ್ಲಾಕ್, ಮಾಮೂಲಿಗಿಂತ ಜಾಸ್ತಿ ವೇಗಕ್ಕೆ ಓಡಿಸುವುದು. ಒಂದು ಪ್ಯಾಕ್‌ನಲ್ಲಿ ಒಟ್ಟಿಗೆ ಬಂದ ಎರಡು ರ‍್ಯಾಮ್‌ಗಳನ್ನು ಕಂಪನಿಯವರು ಒಟ್ಟಿಗೇ ಪರೀಕ್ಷೆ ಮಾಡಿ ಆ ನಂಬರ್ ಕೊಟ್ಟಿರುತ್ತಾರೆ. ಬೇರೆ ಕಂಪನಿಯ ಇನ್ನೆರಡರ ಜೊತೆ ಅದು ನಡೆಯುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಪ್ರೊಸೆಸರ್ ಕಡೆಯಿಂದಲೂ ಮಿತಿ ಇದೆ. ನಿಮ್ಮ ರೈಜನ್ 5000 ಸರಣಿಗೆ ಎಎಂಡಿ ಹೇಳುವ ಲೆಕ್ಕ ಹೀಗಿದೆ: ಎರಡು ರ‍್ಯಾಮ್ ಇದ್ದರೆ 3200. ನಾಲ್ಕು ಇದ್ದರೆ, ಸಿಂಗಲ್ ರ‍್ಯಾಂಕ್‌ನವಾದರೆ 2933, ಡ್ಯುಯಲ್ ರ‍್ಯಾಂಕ್‌ನವಾದರೆ 2667. ರ‍್ಯಾಂಕ್ ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು. 8 ಜಿಬಿಯವು ಹೆಚ್ಚಾಗಿ ಸಿಂಗಲ್ ರ‍್ಯಾಂಕ್. ಎಷ್ಟೋ ಪಿಸಿಗಳಲ್ಲಿ ನಾಲ್ಕು ರ‍್ಯಾಮ್ 3200ರಲ್ಲಿ ಚೆನ್ನಾಗೇ ನಡೆಯುತ್ತವೆ, ನಿಜ. ನಿಮ್ಮದರಲ್ಲಿ ನಡೆಯದಿದ್ದರೆ ಅದು ಯಾವ ಪಾರ್ಟ್‌ನ ದೋಷವೂ ಆಗಿರಬೇಕಿಲ್ಲ.

ಹಾಗಾಗಿ ಹೀಗೆ ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ನಾಲ್ಕನ್ನೂ ಹಾಗೇ ಬಿಟ್ಟು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ. ಬೇರೆ ಏನನ್ನೂ ಮುಟ್ಟಬೇಡಿ. ನಂತರ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಇಳಿಸಿಕೊಂಡು, ಸಾಧ್ಯವಾದರೆ ಬೇರೆ ಕಂಪ್ಯೂಟರ್‌ನಲ್ಲಿ, ಪೆನ್ ಡ್ರೈವ್‌ಗೆ ಹಾಕಿ. ಆ ಪೆನ್ ಡ್ರೈವ್‌ನಿಂದಲೇ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ, ನಾಲ್ಕೂ ಮುಗಿಯಬೇಕು. ಸಾವಿರ ಎರರ್ ಬರಲಿ, ಒಂದೇ ಒಂದು ಬರಲಿ, ಅರ್ಥ ಒಂದೇ: ಈ ಸೆಟ್ಟಿಂಗ್‌ನಲ್ಲಿ ಈ ರ‍್ಯಾಮ್‌ಗಳನ್ನು ನಂಬಬಾರದು. ವಿಂಡೋಸ್ ಒಳಗೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ತಪ್ಪು ತೋರಿಸಿದರೆ ನಂಬಿ. ‘ತೊಂದರೆ ಇಲ್ಲ’ ಅಂದರೆ ಅಷ್ಟಕ್ಕೇ ಸುಮ್ಮನಾಗಬೇಡಿ, ಅದು ಬಿಟ್ಟುಬಿಡುವ ತಪ್ಪುಗಳು ಜಾಸ್ತಿ.

ಎಕ್ಸ್‌ಎಂಪಿ ಆಫ್ ಮಾಡಿದಾಗ ನಾಲ್ಕೂ ಸುತ್ತು ಎರರ್ ಇಲ್ಲದೆ ಮುಗಿದರೆ ನಿಮ್ಮ ತೊಂದರೆ ವೇಗದ್ದು. ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ, ವೇಗವನ್ನು ಮಾತ್ರ ಕೈಯಾರೆ 2933ಕ್ಕೆ ಇಳಿಸಿ ಮತ್ತೆ ರಾತ್ರಿ ಟೆಸ್ಟ್ ಹಾಕಿ. ಅಲ್ಲೂ ಎರರ್ ಬಂದರೆ 2666. ದಿನದ ಕೆಲಸದಲ್ಲಿ 3200ಕ್ಕೂ 2666ಕ್ಕೂ ಇರುವ ವ್ಯತ್ಯಾಸ ನಿಮ್ಮ ಅರಿವಿಗೇ ಬರುವುದಿಲ್ಲ. ಗೇಮ್‌ನಲ್ಲಿ ಕೆಲವು ಫ್ರೇಮ್ ಕಡಿಮೆಯಾಗಬಹುದು. ಬೀಳದೆ ನಡೆಯುವ ಪಿಸಿಗೆ ಅದು ದೊಡ್ಡ ಬೆಲೆಯಲ್ಲ.

ಎಕ್ಸ್‌ಎಂಪಿ ಆಫ್ ಇದ್ದಾಗಲೂ ಎರರ್ ಬಂದರೆ ಒಂದೊಂದೇ ರ‍್ಯಾಮ್ ಹಾಕಿ ಟೆಸ್ಟ್ ಮಾಡಬೇಕು. ನಾಲ್ಕನ್ನೂ ಒಂದೇ ಸ್ಲಾಟ್‌ನಲ್ಲಿ ನೋಡಿ, ಪ್ರೊಸೆಸರ್ ಕಡೆಯಿಂದ ಎರಡನೆಯದರಲ್ಲಿ. ಒಂದು ರ‍್ಯಾಮ್ ಮಾತ್ರ ಎರರ್ ಕೊಟ್ಟರೆ ಅದು ಕೆಟ್ಟಿದೆ. ಹಲವು ಕಂಪನಿಗಳು ರ‍್ಯಾಮ್‌ಗೆ ಲೈಫ್‌ಟೈಮ್ ವಾರಂಟಿ ಕೊಡುತ್ತವೆ, ಬಿಲ್ ಹುಡುಕಿ ಇಟ್ಟುಕೊಳ್ಳಿ. ಜೋಡಿಯಾಗಿ ಕೊಂಡಿದ್ದರೆ ಜೋಡಿಯನ್ನೇ ವಾಪಸ್ ಕೇಳುವುದುಂಟು. ರ‍್ಯಾಮ್‌ಗಳೆಲ್ಲ ಸರಿಯಿದ್ದು ಯಾವುದೋ ಒಂದು ಸ್ಲಾಟ್‌ನಲ್ಲಿ ಮಾತ್ರ ಎರರ್ ಬಂದರೆ ಅನುಮಾನ ಮದರ್‌ಬೋರ್ಡ್ ಮೇಲೆ, ಇಲ್ಲವೇ ಪ್ರೊಸೆಸರ್‌ನ ಬಾಗಿದ ಪಿನ್ ಮೇಲೆ. ಕೂಲರ್‌ನ ಸ್ಕ್ರೂ ಒಂದೇ ಕಡೆ ಜಾಸ್ತಿ ಬಿಗಿಯಾಗಿದ್ದರೂ ಹೀಗಾಗುತ್ತದೆ.

ನೀವು ಕರಾವಳಿಯವರು, ಅದಕ್ಕೇ ಇನ್ನೊಂದು ಮಾತು. ತೇವ ಮತ್ತು ಉಪ್ಪುಗಾಳಿಗೆ ರ‍್ಯಾಮ್‌ನ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳು ಮಸುಕಾಗುತ್ತವೆ. ರ‍್ಯಾಮ್ ತೆಗೆಯುವ ಮುಂಚೆ ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ರ‍್ಯಾಮ್ ತೆಗೆಯಿರಿ. ರಿಪೇರಿಯವರು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುತ್ತಾರಲ್ವಾ, ಅದರಿಂದ ಕೆಲಸ ಆಗುತ್ತದೆ. ಆದರೆ ರಬ್ಬರ್ ಪುಡಿ ಸ್ಲಾಟ್‌ಗೆ ಬಿದ್ದರೆ ಹೊಸ ತೊಂದರೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ, ನೂಲು ಬಿಡದ ಬಟ್ಟೆಯಿಂದ ಮೆಲ್ಲಗೆ ಒರೆಸುವುದು ಒಳ್ಳೆಯದು. ಪೂರ್ತಿ ಒಣಗಿದ ಮೇಲೆ ಹಾಕಿ. ‘ಟಕ್’ ಅಂತ ಲಾಕ್ ಕೂರುವವರೆಗೂ ಒತ್ತಿ.

ರ‍್ಯಾಮ್ ಪಾಸಾದ ಮೇಲೆ, ಆಗ ಫಾರ್ಮ್ಯಾಟ್ ಮಾಡಿ. ಈ ಒಂದು ತಿಂಗಳಲ್ಲಿ ಬಂದ ಅಪ್‌ಡೇಟ್‌ಗಳು, ಹಾಕಿದ ಪ್ರೋಗ್ರಾಂಗಳು ಎಲ್ಲವೂ ತಪ್ಪು ಮಾಡುವ ರ‍್ಯಾಮ್ ದಾಟಿ ಡಿಸ್ಕ್‌ಗೆ ಹೋಗಿವೆ. ಅವುಗಳ ಮೇಲೆ ನನಗೆ ನಂಬಿಕೆ ಇಲ್ಲ.

ಪ್ರಶ್ನೆ: ನನ್ನದು ಕೋರ್ ಐ7-14700ಕೆ, 12 ಜಿಬಿ ಗ್ರಾಫಿಕ್ಸ್ ಕಾರ್ಡ್. 2024ರ ಶುರುವಿನಲ್ಲಿ ಜೋಡಿಸಿದ್ದು. ಕೆಲವು ಗೇಮ್ ತೆರೆದ ಕೂಡಲೇ ‘ಔಟ್ ಆಫ್ ವಿಡಿಯೋ ಮೆಮೊರಿ’ ಅಂತ ಮುಚ್ಚಿಕೊಳ್ಳುತ್ತವೆ. ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಒಮ್ಮೆ ಎರರ್ ಬರುತ್ತೆ, ಇನ್ನೊಮ್ಮೆ ಬರಲ್ಲ. ರಾತ್ರಿಯಿಡೀ ರ‍್ಯಾಮ್ ಟೆಸ್ಟ್ ಮಾಡಿದೆ, ಒಂದೂ ಎರರ್ ಇಲ್ಲ. ಕಾರ್ಡ್ ಹೋಗಿದೆಯಾ?
— ಓದುಗರು, ಹುಬ್ಬಳ್ಳಿ

ಉತ್ತರ: ಕಾರ್ಡ್ ಅಲ್ಲ, ಪ್ರೊಸೆಸರ್ ಮೇಲೆ ನನ್ನ ಅನುಮಾನ. ಅನ್‌ರಿಯಲ್ ಎಂಜಿನ್‌ನಿಂದ ಮಾಡಿದ ಗೇಮ್‌ಗಳಲ್ಲಿ ಶೇಡರ್‌ಗಳನ್ನು (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಬಿಚ್ಚುವ ಕೆಲಸ ಪ್ರೊಸೆಸರ್‌ನದು. ಅದರ ಲೆಕ್ಕ ತಪ್ಪಿದಾಗ ಬರುವ ಸಂದೇಶವೇ ಇದು. ವಿಡಿಯೋ ಮೆಮೊರಿ ಅನ್ನುವ ಪದ ನೋಡಿ ಜನ ಕಾರ್ಡ್ ಬದಲಾಯಿಸಿ ಹಣ ಕಳೆದುಕೊಳ್ಳುತ್ತಾರೆ. ಅದೇ ಜಿಪ್ ಫೈಲ್ ಒಮ್ಮೆ ಬಿಚ್ಚಿ ಒಮ್ಮೆ ಬಿಚ್ಚದಿರುವುದು ಇನ್ನೂ ಗಟ್ಟಿ ಸುಳಿವು. ಇನ್ನೊಂದು ಪರೀಕ್ಷೆಯನ್ನೂ ನೀವೇ ಮಾಡಬಹುದು. ಹತ್ತು ಹದಿನೈದು ಜಿಬಿಯ ಒಂದು ಫೈಲ್‌ಗೆ ಸೆವೆನ್-ಜಿಪ್‌ನಲ್ಲಿ ಎಸ್‌ಎಚ್‌ಎ-256 ಲೆಕ್ಕ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ತೆಗೆಯಿರಿ, ಮತ್ತೆ ಮತ್ತೆ ತೆಗೆಯಿರಿ. ಫೈಲ್ ಬದಲಾಗಿಲ್ಲ ಅಂದಮೇಲೆ ಉತ್ತರವೂ ಬದಲಾಗಬಾರದು. ಬದಲಾದರೆ ಹಾರ್ಡ್‌ವೇರ್ ಸುಳ್ಳು ಹೇಳುತ್ತಿದೆ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಈ ದೋಷ ಇರುವುದನ್ನು 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಪ್ರೊಸೆಸರ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಆ ವೋಲ್ಟೇಜ್ ಮತ್ತು ಬಿಸಿಗೆ ಒಳಗಿನ ಕ್ಲಾಕ್ ಸರ್ಕ್ಯೂಟ್ ಬೇಗ ಸವೆಯುತ್ತದೆ. ಸವೆದ ಮೇಲೆ ಮೊದಲಿನ ವೇಗಕ್ಕೆ ಮೊದಲಿಗಿಂತ ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ಇದಕ್ಕೆ ಇಂಟೆಲ್ ಆಗಸ್ಟ್ 2024ರಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಅನ್ನುವ ಮೈಕ್ರೊಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ಕೊಟ್ಟಿತು. ಅದು ಮದರ್‌ಬೋರ್ಡ್‌ನ ಬಯೋಸ್ ಅಪ್‌ಡೇಟ್ ಜೊತೆ ಬರುತ್ತದೆ. ನಿಮ್ಮ ಬೋರ್ಡ್‌ನ ಇತ್ತೀಚಿನ ಬಯೋಸ್ ಹಾಕಿ, ‘ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್’ ಆರಿಸಿ. ಆದರೆ ಅಪ್‌ಡೇಟ್ ಮುಂದಿನ ಸವೆತವನ್ನಷ್ಟೇ ತಡೆಯುತ್ತದೆ. ಈಗಾಗಲೇ ಸವೆದದ್ದು ಸರಿಹೋಗುವುದಿಲ್ಲ.

ಸವೆದಿದೆಯಾ ಅಂತ ನೋಡಲು ಬಯೋಸ್‌ನಲ್ಲಿ ಪರ್ಫಾರ್ಮೆನ್ಸ್ ಕೋರ್‌ಗಳ (ಪ್ರೊಸೆಸರ್‌ನ ವೇಗದ ಕೋರ್‌ಗಳು) ಗರಿಷ್ಠ ವೇಗವನ್ನು 5.2 ಗಿಗಾಹರ್ಟ್ಜ್‌ಗೆ ಇಳಿಸಿ ಅದೇ ಗೇಮ್ ಆಡಿ. ಕ್ರ್ಯಾಶ್ ನಿಂತರೆ, ಡಬ್ಬದ ಮೇಲೆ ಹೇಳಿದ ವೇಗದಲ್ಲಿ ನಡೆಯುವ ಶಕ್ತಿ ನಿಮ್ಮ ಪ್ರೊಸೆಸರ್‌ಗೆ ಉಳಿದಿಲ್ಲ ಅಂತ. ಅಲ್ಲಿಗೆ ಹೊಂದಿಕೊಂಡು ಕೂರಬೇಡಿ. ವಾರಂಟಿಯಲ್ಲಿ ಹೊಸದು ಕೇಳಿ. ಈ ಪ್ರೊಸೆಸರ್‌ಗಳಿಗೆ ಇಂಟೆಲ್ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ ಐದು ವರ್ಷ ಮಾಡಿದೆ, ನಿಮ್ಮದು ಆ ಪಟ್ಟಿಯಲ್ಲಿದೆ. ಡಬ್ಬದಲ್ಲಿ ಬಂದ ಪ್ರೊಸೆಸರ್ ಆದರೆ ನೇರ ಇಂಟೆಲ್‌ಗೇ ಬರೆಯಬಹುದು. ಡಬ್ಬವಿಲ್ಲದ ಟ್ರೇ ಪ್ರೊಸೆಸರ್ ಆದರೆ ಕೊಂಡ ಅಂಗಡಿಯವರನ್ನೇ ಹಿಡಿಯಬೇಕು.

ಪ್ರಶ್ನೆ: ಗೇಮ್ ಆಡುವಾಗ ಪಿಸಿ ಫಟ್ ಅಂತ ರೀಸ್ಟಾರ್ಟ್ ಆಗುತ್ತೆ. ಬ್ಲೂ ಸ್ಕ್ರೀನ್ ಬರಲ್ಲ. ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಅಂತಿದೆ. ವಿಂಡೋಸ್‌ನ ತಿರುಳಾದ ಕರ್ನಲ್ ಹಾಳಾಗಿದೆ ಅಂತಾನೆ ನನ್ನ ಫ್ರೆಂಡ್. ಐ5-12400ಎಫ್, ಆರ್‌ಟಿಎಕ್ಸ್ 3060, ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ (ಪವರ್ ಸಪ್ಲೈ), 600 ವಿಎ ಯುಪಿಎಸ್. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ, ಅದು ಮಾಮೂಲಿ ಅಲ್ವಾ?
— ಓದುಗರು, ತುಮಕೂರು

ಉತ್ತರ: ಮಾಮೂಲಿ ಅಲ್ಲ. ಮೊದಲು ಅದನ್ನೇ ಸರಿಮಾಡಿಸಿ, ಅಲ್ಲಿಯವರೆಗೆ ಪಿಸಿ ಆನ್ ಮಾಡಬೇಡಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಸಣ್ಣ ಕರೆಂಟ್ ಅರ್ಥ್ ವೈರ್‌ಗೆ ಹೋಗಬೇಕು. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್‌ನಲ್ಲೇ ಉಳಿದು ನಿಮ್ಮ ಕೈಗೆ ಬರುತ್ತದೆ. ಈಗ ಬರುತ್ತಿರುವುದು ಸಣ್ಣ ಕರೆಂಟ್ ಇರಬಹುದು. ಎಸ್‌ಎಂಪಿಎಸ್ ಒಳಗೆ ಏನಾದರೂ ಕೆಟ್ಟ ದಿನ ಅದು ಸಣ್ಣದಾಗಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಫೇಸ್‌ಗೂ ಅರ್ಥ್‌ಗೂ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಒಂದೆರಡು ವೋಲ್ಟ್ ಬರುತ್ತಿದೆಯಾ ಅಂತ ಅಳೆಸಿ. ಎಕ್ಸ್‌ಟೆನ್ಶನ್ ಬಾಕ್ಸ್‌ನ ವೈರನ್ನೂ ನೋಡಿಸಿ.

ನಿಮ್ಮ ಫ್ರೆಂಡ್ ಹೇಳಿದ್ದು ಸರಿಯಲ್ಲ. 41 ಅಂದರೆ ‘ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ’ ಅಂತ ವಿಂಡೋಸ್ ಮತ್ತೆ ಎದ್ದ ಮೇಲೆ ಬರೆದುಕೊಂಡ ಟಿಪ್ಪಣಿ, ಅಷ್ಟೇ. ಅದರ ಡೀಟೇಲ್ಸ್ ತೆರೆದು ‘ಬಗ್‌ಚೆಕ್ ಕೋಡ್’ ನೋಡಿ. ಅಲ್ಲಿ 0 ಇದ್ದರೆ ಎರರ್ ಬರೆದಿಡಲೂ ವಿಂಡೋಸ್‌ಗೆ ಸಮಯ ಸಿಕ್ಕಿಲ್ಲ. ಲೋಡ್ ಏರಿದಾಗ ಮಾತ್ರ ಹೀಗಾದರೆ ಕರೆಂಟ್ ಕಡೆ ನೋಡಬೇಕು.

600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವಾಟ್. ನಿಮ್ಮ ಕಾರ್ಡ್ ಒಂದೇ 170 ವಾಟ್ ಎಳೆಯುತ್ತದೆ, ಕ್ಷಣಮಾತ್ರಕ್ಕೆ ಇನ್ನೂ ಜಾಸ್ತಿ. ಪ್ರೊಸೆಸರ್, ಮಾನಿಟರ್ ಸೇರಿದರೆ ಮಿತಿಯ ಹತ್ತಿರ ಬರುತ್ತೀರಿ. ಅರ್ಥಿಂಗ್ ಸರಿಯಾದ ಮೇಲೆ ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ಅದೇ ಗೇಮ್ ಆಡಿ. ರೀಸ್ಟಾರ್ಟ್ ನಿಂತರೆ ಯುಪಿಎಸ್ ಸಾಲುತ್ತಿಲ್ಲ. ನಿಲ್ಲದಿದ್ದರೆ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಮೇಲೆ ಬರೆದ ವಾಟ್‌ಗಳನ್ನು ನಾನು ನಂಬುವುದಿಲ್ಲ. ಒಳ್ಳೆಯ ಕಂಪನಿಯ 550 ವಾಟ್‌ನದು ನಿಮಗೆ ಸಾಕು. ಹಳೆಯದನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ. ಹೊಸದು ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಮಾದರಿಯಾದರೆ ಅದರ ಡಬ್ಬದಲ್ಲಿ ಬಂದ ಕೇಬಲ್‌ಗಳನ್ನೇ ಬಳಸಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ನೋಡಲು ಒಂದೇ ಥರ ಇದ್ದು, ಸರಿಯಾಗಿ ಕೂತರೂ, ಒಳಗೆ ಪಿನ್‌ಗಳ ಜೋಡಣೆ ಬೇರೆ ಇರಬಹುದು. ಆನ್ ಮಾಡಿದ ಕೂಡಲೇ ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು.