ಮೋಟಾರ್ ಬಂದ್ ಆದಾಗೆಲ್ಲ ಮೀಟರ್ ಡೇಟಾ ಕೆಡುತ್ತಿದೆ, ಸಿಗ್ನಲ್ ಬೂಸ್ಟರ್ ಹಾಕಲಾ?

ಗಂಗಾವತಿಯ ರೈಸ್ ಮಿಲ್, ಆರ್‌ಎಸ್-485 ಲೈನ್‌ನಲ್ಲಿ (ಮೀಟರ್‌ನಿಂದ ಕಂಪ್ಯೂಟರ್‌ಗೆ ಡೇಟಾ ಒಯ್ಯುವ ವೈರ್) ಎನರ್ಜಿ ಮೀಟರ್‌ಗಳು, ಪಾಲಿಶರ್ ಮೋಟಾರ್ ನಿಂತಾಗೆಲ್ಲ ಕಂಪ್ಯೂಟರ್‌ನಲ್ಲಿ ಹುಚ್ಚು ರೀಡಿಂಗ್. ಬೂಸ್ಟರ್ ಹಾಕಲಾ, ಇಲ್ಲಾ ಇಂಟರ್‌ಲೀವಿಂಗ್ (ಡೇಟಾವನ್ನು ಚದುರಿಸಿ ಕಳಿಸುವುದು) ಮಾಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ, ದುಡ್ಡು ಉಳಿಸಿ. ನಾನು ರಾಯಚೂರಿನ ಮಿಲ್ಲುಗಳಲ್ಲಿ ಪ್ಯಾನೆಲ್ ಕೆಲಸ ಮಾಡುತ್ತೇನೆ, ಈ ತಕರಾರು ಹೊಸದೇನಲ್ಲ.

ಸದಾ ಇರುವ ಸಣ್ಣ ಗೊರಗೊರ ಆಗಿದ್ದರೆ ಸಿಗ್ನಲ್ ಜಾಸ್ತಿ ಮಾಡಿ ಗೆಲ್ಲಬಹುದಿತ್ತು. ಇದು ಹಾಗಲ್ಲ. ಕಾಂಟ್ಯಾಕ್ಟರ್ (ಮೋಟಾರ್ ಆನ್-ಆಫ್ ಮಾಡುವ ಕಾಯಿಲ್ ಸ್ವಿಚ್) ಆಫ್ ಆದ ಕ್ಷಣ ಅದರ ಕಾಯಿಲ್‌ನಲ್ಲಿದ್ದ ಶಕ್ತಿಗೆ ಹೋಗಲು ದಾರಿ ಇರಲ್ಲ. 230 ವೋಲ್ಟ್ ಕಾಯಿಲ್ ಸಾವಿರ ವೋಲ್ಟ್ ದಾಟುವ ಪೆಟ್ಟು ಕೊಡಬಲ್ಲದು. ನಿಮ್ಮ ಸಿಗ್ನಲ್ ಇರುವುದೇ ಎರಡು-ಮೂರು ವೋಲ್ಟ್. ಎಷ್ಟು ಅಂತ ಏರಿಸುತ್ತೀರಿ? ಸಾಮಾನ್ಯ ಫಿಲ್ಟರ್ ಕೂಡ ಅಷ್ಟಕ್ಕಷ್ಟೆ. ಚೂಪಾದ ಪೆಟ್ಟು ಎಲ್ಲ ಫ್ರೀಕ್ವೆನ್ಸಿಯಲ್ಲೂ ಹರಡಿರುತ್ತದೆ, ಫಿಲ್ಟರ್ ಅದನ್ನು ಅಳಿಸುವ ಬದಲು ಅಗಲಕ್ಕೆ ಬಳಿಯುತ್ತದೆ. ಅದಕ್ಕೇ ಕೆಲವು ರಿಸೀವರ್‌ಗಳಲ್ಲಿ ಮೊದಲು ಪೆಟ್ಟಿನ ತಲೆ ಕತ್ತರಿಸಿ, ಆಮೇಲೆ ಫಿಲ್ಟರ್‌ಗೆ ಬಿಡುತ್ತಾರೆ.

ಮೊದಲು ಹುಟ್ಟುವ ಜಾಗದಲ್ಲೇ ಹಿಡಿಯಿರಿ. ಮೇನ್ ಆಫ್ ಮಾಡಿಸಿ, ಕಾಯಿಲ್‌ನ ಎ1, ಎ2 ಟರ್ಮಿನಲ್‌ಗೆ ಆರ್‌ಸಿ ಸ್ನಬ್ಬರ್ (ಪೆಟ್ಟು ಹೀರುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಕೂರಿಸಿ: 100 ಓಮ್, 0.1 ಮೈಕ್ರೋಫ್ಯಾರಡ್. ಕೆಪಾಸಿಟರ್ ಎಕ್ಸ್2 ಮಾದರಿಯದೇ (ಮೇನ್ಸ್ ಲೈನಿಗೆ ಹಾಕುವಂಥದ್ದು) ಇರಲಿ. ಡಿಸಿ ಕಾಯಿಲ್ ಆದರೆ ಒಂದು ಡಯೋಡ್ ಸಾಕು. ಆಮೇಲೆ ವೈರ್ ನೋಡಿ. ಡೇಟಾ ಕೇಬಲ್ಲನ್ನು ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಎಳೆದುಬಿಡುವುದು ನಮ್ಮ ಕಡೆ ಮಾಮೂಲು. ದೂರ ಮಾಡಿ. ಟ್ವಿಸ್ಟೆಡ್ ಪೇರ್ ಶೀಲ್ಡ್ ಕೇಬಲ್ ಹಾಕಿ, ಲೈನಿನ ಎರಡು ತುದಿಗೂ 120 ಓಮ್ ರೆಸಿಸ್ಟರ್ ಕೊಡಿ.

ಆದರೆ ನನ್ನ ಅನುಮಾನ ಸಾಫ್ಟ್‌ವೇರ್ ಮೇಲೂ ಇದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಬಿಟ್ ಅಂದರೆ 104 ಮೈಕ್ರೋಸೆಕೆಂಡ್. ಪೆಟ್ಟು ಒಂದು ಮಿಲಿಸೆಕೆಂಡ್ ಇದ್ದರೂ ಕೆಡುವುದು ಸುಮಾರು ಹತ್ತು ಬಿಟ್. ಮೀಟರ್ ಮಾತಾಡುವ ಮಾಡ್‌ಬಸ್ ಭಾಷೆಯ ಸಿಆರ್‌ಸಿ (ಪ್ರತಿ ಉತ್ತರದ ಕೊನೆಗೆ ಬರುವ ತಪ್ಪು ಪತ್ತೆಯ ಅಂಕಿ), 16 ಬಿಟ್‌ವರೆಗೆ ಒಂದೇ ಕಡೆ ಬಿದ್ದ ತಪ್ಪನ್ನು ಬಿಡದೆ ಹಿಡಿಯುತ್ತದೆ. ಆದರೂ ಹುಚ್ಚು ಅಂಕಿ ಪರದೆಗೆ ಬರುತ್ತಿದೆ ಅಂದರೆ, ಯಾರೋ ಸಿಆರ್‌ಸಿ ನೋಡದೆ ಸುಮ್ನೆ ತೋರಿಸುತ್ತಿದ್ದಾರೆ ಅಲ್ವಾ? ಪ್ರೋಗ್ರಾಂ ಬರೆದವರನ್ನು ಕೇಳಿ. ಕೆಟ್ಟ ಉತ್ತರ ಎಸೆದು, ಅರ್ಧ ಸೆಕೆಂಡ್ ಬಿಟ್ಟು ಮೀಟರನ್ನು ಮತ್ತೆ ಕೇಳಲಿ. ಅಷ್ಟೊತ್ತಿಗೆ ಪೆಟ್ಟು ಮುಗಿದಿರುತ್ತದೆ.

ಇಂಟರ್‌ಲೀವಿಂಗ್ ಒಳ್ಳೆಯದೇ. ಬೈಟ್‌ಗಳನ್ನು ಚದುರಿಸಿ ಕಳಿಸಿದರೆ ಒಂದು ಪೆಟ್ಟು ನಾಲ್ಕಾರು ಕಡೆ ಸಣ್ಣ ಗಾಯವಾಗುತ್ತದೆ, ರೀಡ್-ಸಾಲಮನ್ ಎಂಬ ತಪ್ಪು ತಿದ್ದುವ ಕೋಡ್ ಅದನ್ನು ಸರಿಮಾಡುತ್ತದೆ. ಎಡಿಎಸ್‌ಎಲ್‌ನಲ್ಲಿ (ಫೋನ್ ವೈರ್ ಇಂಟರ್ನೆಟ್) ಹೀಗೇ ಮಾಡುತ್ತಾರೆ, ಸ್ವಲ್ಪ ತಡವಾಗುತ್ತದೆ ಅಷ್ಟೆ. ನಿಮ್ಮ ಮೀಟರ್ ಒಳಗೆ ಅದನ್ನು ತುರುಕಲು ಆಗಲ್ಲ.

ಇಷ್ಟಾದ ಮೇಲೂ ಕೆಟ್ಟರೆ ಮಿಲ್‌ನಲ್ಲಿ ವಿಎಫ್‌ಡಿ (ಮೋಟಾರ್ ವೇಗ ಹೆಚ್ಚು-ಕಡಿಮೆ ಮಾಡುವ ಡ್ರೈವ್) ಇದೆಯಾ ತಿಳಿಸಿ. ಅದು ಮೋಟಾರ್ ಓಡುವಷ್ಟು ಹೊತ್ತೂ ಸೆಕೆಂಡಿಗೆ ಸಾವಿರಾರು ಪೆಟ್ಟು ಕೊಡುತ್ತದೆ, ಅಲ್ಲಿ ಸ್ನಬ್ಬರ್ ನಡೆಯಲ್ಲ.