ಡೋಸ್ ಏರಿಸುವ ಮೊದಲು ನಿಮ್ಮ ಬೆಳಗಿನ ಕಾಫಿ ಎಷ್ಟು ಗಂಟೆಗೆ ಹೇಳಿ

ಪ್ರಶ್ನೆ: ನನಗೆ 36 ವರ್ಷ. ಹಾಶಿಮೋಟೊ ಥೈರಾಯ್ಡ್ (ನಮ್ಮದೇ ರೋಗನಿರೋಧಕ ಶಕ್ತಿ ಥೈರಾಯ್ಡ್ ಗ್ರಂಥಿಯನ್ನು ಹಾಳು ಮಾಡುವ ಕಾಯಿಲೆ) ಇದೆ. 75 ಮೈಕ್ರೋಗ್ರಾಂ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಆದರೂ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ರಕ್ತದಲ್ಲಿ ಏರುವ ಅಂಶ) ಒಮ್ಮೆ 3, ಇನ್ನೊಮ್ಮೆ 9 ಬರುತ್ತದೆ. ಎದ್ದ ಕೂಡಲೇ ಮಾತ್ರೆ, ಆಮೇಲೆ ಕಾಫಿ. ತಿಂಡಿ ಆದ ಮೇಲೆ ಕ್ಯಾಲ್ಸಿಯಂ ಮತ್ತು ಐರನ್ ಮಾತ್ರೆ. ಡೋಸ್ ಏರಿಸಬೇಕಾ?

ಉತ್ತರ: ಈಗಲೇ ಬೇಡ. ಉತ್ತರ ನಿಮ್ಮ ಪತ್ರದಲ್ಲೇ ಇದೆ. 'ಆಮೇಲೆ ಕಾಫಿ' ಅಂದರೆ ಎಷ್ಟು ಹೊತ್ತಿನ ಮೇಲೆ? ಕ್ಲಿನಿಕ್‌ನಲ್ಲಿ ಕೆದಕಿ ಕೇಳಿದರೆ ಹೆಚ್ಚಿನವರದು ಒಂದೇ ಕಥೆ. ಹಾಲು ಒಲೆಯ ಮೇಲಿಟ್ಟು ಮಾತ್ರೆ ನುಂಗುತ್ತಾರೆ, ಹಾಲು ಉಕ್ಕುವಷ್ಟರಲ್ಲಿ ಡಿಕಾಕ್ಷನ್ ಬೆರೆಸಿ ಲೋಟ ಕೈಗೆ ತೆಗೆದುಕೊಳ್ಳುತ್ತಾರೆ. ಇದನ್ನು ಖಾಲಿ ಹೊಟ್ಟೆ ಅನ್ನುವುದಿಲ್ಲ.

ನೀವು ನುಂಗುವ ಲೆವೊಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಬಹಳ ಸಣ್ಣ ಪ್ರಮಾಣದ ಔಷಧಿ. ಕರುಳು ಅದನ್ನು ಹೀರಿಕೊಳ್ಳಲು ಅವಕಾಶ ಬೇಕು. ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಏನನ್ನೂ ಮುಟ್ಟಬೇಡಿ. ಕ್ಯಾಲ್ಸಿಯಂ ಮತ್ತು ಐರನ್ ಈ ಔಷಧಿಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಅವುಗಳಿಗೂ ಇದಕ್ಕೂ 4 ಗಂಟೆ ಅಂತರ ಬೇಕೇ ಬೇಕು. ಅವನ್ನು ಮಧ್ಯಾಹ್ನದ ಊಟಕ್ಕೋ ರಾತ್ರಿಗೋ ಹಾಕಿಕೊಳ್ಳಿ. ಬೆಳಗ್ಗೆ ಕಾಫಿ ಬಿಟ್ಟಿರಲು ಆಗುವುದೇ ಇಲ್ಲವೇ? ಹಾಗಾದರೆ ನಿಮ್ಮ ವೈದ್ಯರನ್ನು ಕೇಳಿ ರಾತ್ರಿ ಮಲಗುವಾಗ ತೆಗೆದುಕೊಳ್ಳಿ. ಊಟವಾಗಿ 3 ಗಂಟೆ ಆಗಿರಬೇಕು, ಐರನ್, ಕ್ಯಾಲ್ಸಿಯಂ ಆಗ ಮಧ್ಯಾಹ್ನಕ್ಕೇ ಇರಲಿ.

ಹೀಗೆ 6ರಿಂದ 8 ವಾರ ಮಾಡಿ, ಆಮೇಲೆ ರಕ್ತ ಕೊಡಿ. ಹದಿನೈದು ದಿನಕ್ಕೇ ಲ್ಯಾಬಿಗೆ ಓಡಬೇಡಿ. ಈ ಹಾರ್ಮೋನಿನ ಅರ್ಧ ಪಾಲು ಮೈಯಿಂದ ಕರಗಲು ಸುಮಾರು ಒಂದು ವಾರ ಹಿಡಿಯುತ್ತದೆ, ಟಿಎಸ್‌ಎಚ್ ಒಂದು ಮಟ್ಟಕ್ಕೆ ಬಂದು ನಿಲ್ಲಲು ಇನ್ನೂ ಹೊತ್ತು ಬೇಕು. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಪರೀಕ್ಷೆಗೆ 2 ದಿನ ಮೊದಲೇ ನಿಲ್ಲಿಸಿ. ಅದು ರಿಪೋರ್ಟನ್ನೇ ತಪ್ಪು ತೋರಿಸಬಲ್ಲದು. ಇಷ್ಟೆಲ್ಲ ಆದ ಮೇಲೂ 9 ಬಂದರೆ ಆಗ ಡೋಸಿನ ಮಾತು. ಸುಮ್ನೆ ಏರಿಸಿದರೆ ಏನಾಗುತ್ತದೆ ಗೊತ್ತಾ? ಮುಂದೆ ಯಾವಾಗಲೋ ನೀವು ಕಾಫಿ ಹೊತ್ತು ಸರಿ ಮಾಡಿಕೊಂಡಿರಿ ಅನ್ನಿ. ಅದೇ ಮಾತ್ರೆ ಜಾಸ್ತಿಯಾಗಿ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ವರ್ಷಗಟ್ಟಲೆ ಹಾಗೇ ನಡೆದರೆ ಮೂಳೆ ಸವೆಯುತ್ತದೆ. ವಯಸ್ಸಾದವರಲ್ಲಿ ಹೃದಯದ ಬಡಿತದ ತಾಳವೇ ತಪ್ಪಬಹುದು. ಅದಕ್ಕೇ ಡೋಸ್ ವಿಷಯದಲ್ಲಿ ನಾನು ಆತುರ ಪಡುವುದಿಲ್ಲ.

ಪ್ರಶ್ನೆ: ರಿಪೋರ್ಟ್ ನಾರ್ಮಲ್ ಬಂತು. ಮಾತ್ರೆ ನಿಲ್ಲಿಸಲಾ?

ಉತ್ತರ: ಮಾತ್ರೆ ತೆಗೆದುಕೊಂಡಿದ್ದಕ್ಕೇ ನಾರ್ಮಲ್ ಬಂದಿದ್ದು. ನಿಲ್ಲಿಸಬೇಡಿ.

ಪ್ರಶ್ನೆ: ಎಲೆಕೋಸು, ಹೂಕೋಸು ಬಿಡಬೇಕಾ?

ಉತ್ತರ: ಬೇಯಿಸಿ ತಿನ್ನಿ.

ಪ್ರಶ್ನೆ: ಪ್ರತಿ 3 ತಿಂಗಳಿಗೊಮ್ಮೆ ಆಂಟಿಬಾಡಿ (ಥೈರಾಯ್ಡ್ ಗ್ರಂಥಿಯ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯ) ಪರೀಕ್ಷೆ ಮಾಡಿಸುತ್ತಿದ್ದೇನೆ. ಕಡಿಮೆಯೇ ಆಗುತ್ತಿಲ್ಲ.

ಉತ್ತರ: ಕಾಯಿಲೆ ಯಾವುದೆಂದು ಗೊತ್ತಾದ ಮೇಲೆ ಆ ಸಂಖ್ಯೆ ನೋಡಿ ಯಾರೂ ಡೋಸ್ ಬದಲಿಸುವುದಿಲ್ಲ. ದುಡ್ಡು ಉಳಿಸಿ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಒಬ್ಬರು ಪುಡಿ ಕಳಿಸುತ್ತಾರೆ. ಮೂರು ತಿಂಗಳಲ್ಲಿ ಬುಡಸಮೇತ ವಾಸಿ ಅನ್ನುತ್ತಾರೆ.

ಉತ್ತರ: ನಿಮ್ಮದೇ ರೋಗನಿರೋಧಕ ಶಕ್ತಿ ಗ್ರಂಥಿಯನ್ನು ಹಾಳು ಮಾಡುವ ಕಾಯಿಲೆ ಇದು. ಅದನ್ನು ಬುಡಸಮೇತ ಕೀಳುವ ಪುಡಿ ಯಾರ ಹತ್ತಿರವೂ ಇಲ್ಲ. ಹೀಗೆ 'ಥೈರಾಯ್ಡಿಗೆ ಒಳ್ಳೆಯದು' ಅಂತ ಮಾರುವ ಕೆಲವು ಪದಾರ್ಥಗಳಲ್ಲಿ ಥೈರಾಯ್ಡ್ ಹಾರ್ಮೋನೇ ಇದ್ದದ್ದು ಪರೀಕ್ಷೆಯಲ್ಲಿ ಸಿಕ್ಕಿದೆ. ಕಡಲಪಾಚಿಯ ಪುಡಿಯಲ್ಲಿ ಅಯೋಡಿನ್ ವಿಪರೀತ, ಅದು ಕಾಯಿಲೆಯನ್ನು ಹೆಚ್ಚಿಸಬಲ್ಲದು. ಮಾತ್ರೆ ಬಿಡಿಸಿ ಪುಡಿ ಕೊಡುವವರು ನಿಮ್ಮ ಆರೋಗ್ಯದ ಜೊತೆ ಆಟ ಆಡುತ್ತಿದ್ದಾರೆ. ನನಗೆ ಇದರ ಮೇಲೆ ಸಿಟ್ಟಿದೆ.

ಪ್ರಶ್ನೆ: ಎರಡು ತಿಂಗಳ ಗರ್ಭಿಣಿ. ಮಗುವಿಗೆ ತೊಂದರೆ ಆಗುತ್ತದೆ, ಮಾತ್ರೆ ಬಿಡು ಅಂತ ಅತ್ತೆ ಹೇಳುತ್ತಾರೆ.

ಉತ್ತರ: ಬಿಟ್ಟರೇ ತೊಂದರೆ. ಮೊದಲ ಮೂರು ತಿಂಗಳು ಮಗು ನಿಮ್ಮ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಸಾಮಾನ್ಯವಾಗಿ ಡೋಸನ್ನು ಶೇ 25–30ರಷ್ಟು ಏರಿಸಬೇಕಾಗುತ್ತದೆ. ಈ ಉತ್ತರ ಓದಿದ ದಿನವೇ ವೈದ್ಯರಿಗೆ ಫೋನ್ ಮಾಡಿ, ಟಿಎಸ್‌ಎಚ್ ಮಾಡಿಸಿ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ವೈದ್ಯರ ಬಾಯಿಂದಲೇ ಅವರೂ ಕೇಳಲಿ.